ಆರು ಪುಟದ ಸಿವಿ 17 ಕಡೆ ಕಳಿಸಿದೆ, ಒಂದು ಉತ್ತರವೂ ಬಂದಿಲ್ಲ. ಎಲ್ಲಿ ತಪ್ಪಾಗಿದೆ?

ಬೋರ್‌ವೆಲ್ ಕೆಮಿಸ್ಟ್ರಿ, ದಾವಣಗೆರೆ:

ಈ ಫೋರಂನ ಎಲ್ಲರಿಗೂ ನಮಸ್ಕಾರ. ನಾನು ಕೆಮಿಸ್ಟ್ರಿಯಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ಕೊಲೊಕ್ವಿಯಂ (ಥೀಸಿಸ್ ಕೊಡುವ ಮೊದಲು ಕೆಲಸ ಮಂಡಿಸುವ ಸಭೆ) ಮುಗಿದಿದೆ, ಥೀಸಿಸ್ ಬರೆಯುತ್ತಿದ್ದೇನೆ. ನನ್ನ ವಿಷಯ ಕುಡಿಯುವ ನೀರಿನಿಂದ ಫ್ಲೋರೈಡ್ ತೆಗೆಯುವುದು. ನಾಲ್ಕು ತಿಂಗಳಲ್ಲಿ 10 ಪೋಸ್ಟ್‌ಡಾಕ್‌ಗೆ (ಪಿಎಚ್‌ಡಿ ಆದ ಮೇಲಿನ ತಾತ್ಕಾಲಿಕ ಸಂಶೋಧನಾ ಹುದ್ದೆ), ಬೆಂಗಳೂರಿನ 7 ಕಂಪನಿಗೆ ಸಿವಿ ಕಳಿಸಿದೆ. "ಬೇಡ" ಅನ್ನುವ ಉತ್ತರ ಕೂಡ ಬಂದಿಲ್ಲ.

ಸಿವಿ ಆರು ಪುಟ ಇದೆ. ಎಂಎಸ್ಸಿ ಮುಗಿದಾಗ ಡಿಟಿಪಿ ಅಂಗಡಿಯಲ್ಲಿ ಮಾಡಿಸಿದ್ದ ಬಯೋಡೇಟಾಗೇ ಮುಂದಿನದ್ದೆಲ್ಲ ಸೇರಿಸುತ್ತಾ ಬಂದೆ. ಮೊದಲ ಪುಟದಲ್ಲಿ ಫೋಟೋ, ಅಪ್ಪನ ಹೆಸರು, ಹುಟ್ಟಿದ ದಿನ, ಮದುವೆ ಆಗಿದೆಯೇ ಅನ್ನುವುದು, ಆಬ್ಜೆಕ್ಟಿವ್. ಎರಡನೇ ಪುಟದಲ್ಲಿ ಎಸ್‌ಎಸ್‌ಎಲ್‌ಸಿಯಿಂದ ಹಿಡಿದು ಎಲ್ಲ ಮಾರ್ಕ್ಸ್. ಮೂರು, ನಾಲ್ಕರಲ್ಲಿ ಹೋಗಿಬಂದ ಸೆಮಿನಾರ್, ವೆಬಿನಾರ್‌ಗಳು. ಐದರಲ್ಲಿ ಪೇಪರ್‌ಗಳು. ಕೊನೆಗೆ ಹವ್ಯಾಸ, ಡಿಕ್ಲರೇಷನ್, ಸಹಿ. ನಮ್ಮ ಲ್ಯಾಬಿನಲ್ಲಿ ಎಲ್ಲರದ್ದೂ ಹೀಗೇ ಇದೆ. ದಯವಿಟ್ಟು ಮುಚ್ಚುಮರೆ ಇಲ್ಲದೆ ಹೇಳಿ.

ಹಳೇ ಪಿಬಿ ರೋಡ್:

ನಾನೂ ದಾವಣಗೆರೆಯವನೇ. ಈಗ ನೀರು ಶುದ್ಧೀಕರಣದ ಒಂದು ಕಂಪನಿಯ ಆರ್‌ ಅಂಡ್ ಡಿಯಲ್ಲಿದ್ದೇನೆ. ಕೆಲಸಕ್ಕೆ ಬರುವ ಸಿವಿಗಳನ್ನು ಮೊದಲು ಓದುವವನು ನಾನೇ. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ನಿಮ್ಮ ಕೆಲಸದ ವಿಷಯ ಐದನೇ ಪುಟದಲ್ಲಿ ಶುರುವಾಗುತ್ತದೆ. ನಾನು ಐದನೇ ಪುಟಕ್ಕೆ ಹೋಗುವುದೇ ಇಲ್ಲ. ಒಂದು ಹುದ್ದೆಗೆ ರಾಶಿ ಸಿವಿ ಬಂದಿರುತ್ತದೆ. ಮೊದಲ ಪುಟದ ಮೇಲಿನ ಅರ್ಧ ನೋಡಿದಾಗ "ಇವರು ಯಾವ ಪ್ರಶ್ನೆ ಹಿಡಿದುಕೊಂಡು ಇಷ್ಟು ವರ್ಷ ಕೆಲಸ ಮಾಡಿದರು, ಏನು ಸಿಕ್ಕಿತು" ಅನ್ನುವುದು ಗೊತ್ತಾಗಬೇಕು. ಗೊತ್ತಾಗದಿದ್ದರೆ ಮುಂದಿನ ಸಿವಿಗೆ ಹೋಗುತ್ತೇನೆ. ಇದು ಕೆಟ್ಟ ಮನಸ್ಸಿನಿಂದ ಅಲ್ಲ, ಸಮಯ ಇರುವುದಿಲ್ಲ.

ಬಯೋಡೇಟಾ ಬೇರೆ, ಸಿವಿ ಬೇರೆ. ಬಯೋಡೇಟಾ ನೀವು ಯಾರ ಮಗಳು ಅಂತ ಹೇಳುತ್ತದೆ. ಸಿವಿ ನೀವು ಏನು ಮಾಡಿದ್ದೀರಿ ಅಂತ ಹೇಳಬೇಕು. ಅಪ್ಪನ ಹೆಸರು, ಜಾತಿ, ಮದುವೆ, ಹವ್ಯಾಸ, ಡಿಕ್ಲರೇಷನ್, ಎಲ್ಲ ತೆಗೆಯಿರಿ. ಅಮೆರಿಕ, ಬ್ರಿಟನ್‌ಗೆ ಕಳಿಸುವಾಗ ಫೋಟೋ ಕೂಡ ಬೇಡ. ಆಬ್ಜೆಕ್ಟಿವ್ ಜಾಗದಲ್ಲಿ ಮೂರು ಸಾಲು ಬರೆಯಿರಿ: ಸಂಶೋಧನೆಯ ಪ್ರಶ್ನೆ, ಹಿಡಿದ ದಾರಿ, ಬಂದ ಫಲಿತಾಂಶ. ಆಮೇಲೆ ಓದು, ಇತ್ತೀಚಿನದು ಮೊದಲು. ಪಿಎಚ್‌ಡಿಯವರು ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಹಾಕುವುದು ಬೇಡ. ನೆಟ್, ಗೇಟ್ ಪರೀಕ್ಷೆ ಪಾಸಾಗಿದ್ದರೆ, ಫೆಲೋಶಿಪ್ ಇದ್ದರೆ ಓದಿನ ಪಕ್ಕದಲ್ಲೇ ಬರಲಿ. ಆಮೇಲೆ ಸಂಶೋಧನೆ, ಪೇಪರ್‌ಗಳು. ಕಂಪನಿಗೆ ಎರಡು ಪುಟ ಸಾಕು. ಪೋಸ್ಟ್‌ಡಾಕ್‌ಗೆ ಮೂರು, ನಾಲ್ಕಾದರೂ ಪರವಾಗಿಲ್ಲ, ಎಲ್ಲ ಪೇಪರ್ ಅಲ್ಲಿ ಬೇಕಾಗುತ್ತದೆ.

ವೆಬಿನಾರ್ ಪಟ್ಟಿ ಪೂರ್ತಿ ಹೋಗಲಿ. ಕೂತು ಕೇಳಿದ್ದಕ್ಕೂ ಎದ್ದು ನಿಂತು ಪೇಪರ್ ಓದಿದ್ದಕ್ಕೂ ವ್ಯತ್ಯಾಸ ಇದೆ ಅಲ್ವಾ? ಓದಿದ್ದನ್ನು ಮಾತ್ರ ಇಡಿ.

ಅತಿಥಿ ಉಪನ್ಯಾಸಕ, ಹೊಳಲ್ಕೆರೆ:

ಒಂದು ಅನುಮಾನ. ಅತಿಥಿ ಉಪನ್ಯಾಸಕರ ಹುದ್ದೆಗೆ ಅರ್ಜಿ ಹಾಕಿದಾಗೆಲ್ಲ ನನ್ನ ಹತ್ತಿರ ಅಪ್ಪನ ಹೆಸರು, ಕೆಟಗರಿ, ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಎಲ್ಲ ಕೇಳಿದ್ದಾರೆ. ತೆಗೆದುಬಿಟ್ಟರೆ ಅರ್ಜಿಯೇ ತಿರಸ್ಕಾರ ಆಗುತ್ತದೆ.

ಹಳೇ ಪಿಬಿ ರೋಡ್:

ಅಲ್ಲಿ ಕೇಳುವುದು ಅರ್ಜಿ ನಮೂನೆಯಲ್ಲಿ. ನಮೂನೆ ಕೇಳಿದ್ದನ್ನು ನಮೂನೆಯಲ್ಲೇ ತುಂಬಿ, ಒಂದೂ ಬಿಡಬೇಡಿ. ಡಿಆರ್‌ಡಿಒ, ಇಸ್ರೋ ಸೈಂಟಿಸ್ಟ್ ಹುದ್ದೆಗಳೂ ಹಾಗೇ, ಮೊದಲು ಆನ್‌ಲೈನ್ ಫಾರ್ಮ್, ಅರ್ಹತೆಯ ಲೆಕ್ಕ. ನಾನು ಹೇಳುತ್ತಿರುವುದು ಒಬ್ಬ ಮನುಷ್ಯ ಕೂತು ಓದುವ ಸಿವಿ ಬಗ್ಗೆ.

ಜೋಗಿಮಟ್ಟಿ:

ಚಿತ್ರದುರ್ಗದವಳು, ಈಗ ಜರ್ಮನಿಯಲ್ಲಿ ಪೋಸ್ಟ್‌ಡಾಕ್. ಫೋಟೋ ವಿಷಯ ಒಂದು ಮಾತು: ಇಲ್ಲಿ ಸಿವಿಗೆ ಫೋಟೋ ಹಾಕುವ ರೂಢಿ ಇನ್ನೂ ಇದೆ. ಹಾಕದಿದ್ದರೂ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.

ನಮ್ಮ ಕಡೆಯವರಿಗೆ ಅದಕ್ಕಿಂತ ದೊಡ್ಡ ತೊಂದರೆ ಹೆಸರಿನದು. ಊರಿನ ಇನಿಷಿಯಲ್, ಅಪ್ಪನ ಇನಿಷಿಯಲ್, ಆಮೇಲೆ ನಮ್ಮ ಹೆಸರು. ಪಾಸ್‌ಪೋರ್ಟಿಗೆ ಸರ್‌ನೇಮ್ ಬೇಕು ಅಂತ ಇನಿಷಿಯಲ್ ಬಿಡಿಸಿ ಬರೆಸುತ್ತೇವೆ. ಮದುವೆಯಾದ ಮೇಲೆ ಕೆಲವರದ್ದು ಇನ್ನೊಂದು ರೂಪ. ನನ್ನ ಮೂರು ಪೇಪರ್ ಮೂರು ಹೆಸರಲ್ಲಿ ಬಂದಿದ್ದವು. ನನ್ನ ಈಗಿನ ಬಾಸ್ ಪೇಪರ್ ಹುಡುಕುವ ಗೂಗಲ್ ಸ್ಕಾಲರ್‌ನಲ್ಲಿ ಹುಡುಕಿದಾಗ ಒಂದೇ ಕಂಡಿತ್ತು. ಸಂದರ್ಶನದಲ್ಲಿ "ಉಳಿದ ಎರಡು ಎಲ್ಲಿ?" ಅಂತ ಕೇಳಿದರು. ಸುಳ್ಳು ಬರೆದಿದ್ದೇನೆ ಅಂದುಕೊಂಡರೇನೋ ಅಂತ ಗಂಟಲು ಒಣಗಿತು. ಆವತ್ತೇ ರಾತ್ರಿ ಓರ್ಕಿಡ್ ಐಡಿ ಮಾಡಿಸಿಕೊಂಡೆ. ಸಂಶೋಧಕರನ್ನು ಗುರುತಿಸುವ 16 ಅಂಕಿಯ ನಂಬರ್, ದುಡ್ಡು ಕೊಡಬೇಕಿಲ್ಲ, ಹೆಸರು ಹೇಗೇ ಬರೆದಿದ್ದರೂ ಪೇಪರ್‌ಗಳೆಲ್ಲ ಒಂದೇ ಕಡೆ ಸೇರುತ್ತವೆ. ಸಿವಿಯಲ್ಲಿ ಹೆಸರಿನ ಕೆಳಗೇ ಅದನ್ನು ಹಾಕಿ. ಇನ್ನು ಮುಂದೆ ಯಾವ ರೂಪದಲ್ಲಿ ಹೆಸರು ಬರಬೇಕು ಅಂತ ಇವತ್ತೇ ತೀರ್ಮಾನ ಮಾಡಿಕೊಳ್ಳಿ.

ಬೋರ್‌ವೆಲ್ ಕೆಮಿಸ್ಟ್ರಿ:

ತುಂಬಾ ಧನ್ಯವಾದ. ನಂದೂ ಎರಡು ರೂಪದಲ್ಲಿದೆ, ಇವತ್ತೇ ಸರಿ ಮಾಡುತ್ತೇನೆ.

ಈಗ ಪೇಪರ್ ವಿಷಯ. ನಂದು ಐದು ಅಂತ ಬರೆದಿದ್ದೇನೆ. ಎರಡು ಒಳ್ಳೆ ಜರ್ನಲ್‌ನಲ್ಲಿ ಬಂದಿವೆ, ಅದರಲ್ಲಿ ಒಂದಕ್ಕೆ ನಾನು ಫಸ್ಟ್ ಆಥರ್. ಒಂದು ರಿವ್ಯೂನಲ್ಲಿದೆ, ಅಂದರೆ ಜರ್ನಲ್‌ನವರು ಬೇರೆ ತಜ್ಞರಿಂದ ಓದಿಸುತ್ತಿದ್ದಾರೆ. ಒಂದು ಇನ್ನೂ ಬರೆಯುತ್ತಿದ್ದೇನೆ. ಐದನೆಯದ್ದು ಹೇಳಲು ಸಂಕಟ ಆಗುತ್ತದೆ. ಎರಡನೇ ವರ್ಷದಲ್ಲಿ ಪೇಪರ್ ಬೇಕೇ ಬೇಕು ಅಂತ ಒತ್ತಡ ಇತ್ತು. ದುಡ್ಡು ಕಟ್ಟಿದೆವು, ನಾಲ್ಕೇ ದಿನದಲ್ಲಿ ಅಕ್ಸೆಪ್ಟ್ ಆಯಿತು. ಒಂದು ಅಕ್ಷರದ ರಿವ್ಯೂ ಬರಲಿಲ್ಲ. ಅದರಲ್ಲಿರುವ ಡೇಟಾ ಮಾತ್ರ ನಿಜವಾದದ್ದು, ನಾನೇ ತೆಗೆದಿದ್ದು. ಅದನ್ನು ಇಡಲೋ, ತೆಗೆಯಲೋ?

ಹರಿಹರ ಮೆಕ್ಯಾನಿಕಲ್:

ತೆಗೆದುಬಿಡಿ. ಅದೊಂದನ್ನು ನೋಡಿ ಉಳಿದ ಎರಡರ ಮೇಲೂ ಅನುಮಾನ ಬರುತ್ತದೆ.

ಶಿಸ್ಟ್ ಬೆಲ್ಟ್:

ನಾನು ಒಪ್ಪುವುದಿಲ್ಲ. ಭೂವಿಜ್ಞಾನ ಪಾಠ ಮಾಡಿ ನಿವೃತ್ತನಾದವನು, ಚಿತ್ರದುರ್ಗದಲ್ಲಿದ್ದೇನೆ. ಆಯ್ಕೆ ಸಮಿತಿಗಳಲ್ಲಿ ಬಹಳ ಸಲ ಕೂತಿದ್ದೇನೆ. ಆ ಪೇಪರ್ ಗೂಗಲ್ ಸ್ಕಾಲರ್‌ನಲ್ಲಿ ಹೇಗೂ ಸಿಗುತ್ತದೆ. ಸಿವಿಯಲ್ಲಿ ಇಲ್ಲದೆ ಅಲ್ಲಿ ಕಂಡರೆ ಬಚ್ಚಿಟ್ಟಂತೆ ಕಾಣುತ್ತದೆ. ಅಕಾಡೆಮಿಕ್ ಸಿವಿಯ ಪೂರ್ತಿ ಪಟ್ಟಿಯಲ್ಲಿ ಅದಕ್ಕೊಂದು ಸಾಲು ಇರಲಿ, ಕೊನೆಯಲ್ಲಿ ಇರಲಿ. ಕೇಳಿದರೆ ಈಗ ಇಲ್ಲಿ ಬರೆದಷ್ಟೇ ನೇರವಾಗಿ ಹೇಳಿ: ಜರ್ನಲ್ ಆಯ್ಕೆ ತಪ್ಪಾಯಿತು, ಡೇಟಾ ನನ್ನದು, ನೋಟ್‌ಬುಕ್ ಇದೆ. ಕಂಪನಿಯ ಎರಡು ಪುಟದಲ್ಲಿ "ಆಯ್ದ ಪೇಪರ್‌ಗಳು" ಅಂತ ಹಾಕಿ ಎರಡೇ ಕೊಡಬಹುದು. ಆಯ್ದದ್ದು ಅಂತ ನೀವೇ ಹೇಳಿರುವುದರಿಂದ ಅದು ಮುಚ್ಚಿಟ್ಟಂತೆ ಅಲ್ಲ.

ಇದರಲ್ಲಿ ಪೂರ್ತಿ ತಪ್ಪು ನಿಮ್ಮದೂ ಅಲ್ಲ. 2016ರ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ನಿಯಮದಲ್ಲಿ ಥೀಸಿಸ್ ಕೊಡುವ ಮೊದಲು ಒಂದು ಜರ್ನಲ್ ಪೇಪರ್, ಎರಡು ಕಾನ್ಫರೆನ್ಸ್ ಕಡ್ಡಾಯ ಇತ್ತು. 2022ರ ನವೆಂಬರ್‌ನಲ್ಲಿ ಬಂದ ನಿಯಮದಲ್ಲಿ ಆ ಕಡ್ಡಾಯ ಹೋಯಿತು. ಆದರೂ ಪೇಪರ್ ಎಣಿಸುವ ಅಭ್ಯಾಸ ಹೋಗಿಲ್ಲ. ಆ ಭಯದಲ್ಲಿ ಎಷ್ಟೋ ಒಳ್ಳೆ ಮಕ್ಕಳು ಇಂಥ ಜರ್ನಲ್‌ಗಳಿಗೆ ಫೆಲೋಶಿಪ್ ದುಡ್ಡು ಸುರಿದಿದ್ದಾರೆ. ನೋಡಿ ಹೊಟ್ಟೆ ಉರಿದಿದೆ.

ಇನ್ನೊಂದು, ಐದು ಅಂತ ಎಣಿಸಬೇಡಿ. ಪ್ರಕಟವಾದದ್ದು, ಅಕ್ಸೆಪ್ಟ್ ಆದದ್ದು, ರಿವ್ಯೂನಲ್ಲಿರುವುದು ಬೇರೆ ಬೇರೆ ತಲೆಬರಹದಲ್ಲಿ ಬರಲಿ. ರಿವ್ಯೂನಲ್ಲಿರುವುದಕ್ಕೆ ಜರ್ನಲ್ ಹೆಸರು ಬೇಡ. ಕಳಿಸಿದ ಮಾತ್ರಕ್ಕೆ ಆ ಜರ್ನಲ್ ನಮ್ಮದಾಗುವುದಿಲ್ಲ. ಪ್ರಿಪ್ರಿಂಟ್ (ರಿವ್ಯೂಗೆ ಮೊದಲೇ ಆನ್‌ಲೈನ್‌ನಲ್ಲಿ ಹಾಕಿದ ಪ್ರತಿ) ಹಾಕಿದ್ದರೆ ಅದರ ಡಿಒಐ, ಅಂದರೆ ಕಾಯಂ ಲಿಂಕ್ ಸಂಖ್ಯೆ ಕೊಡಿ, ಓದುವವರು ತೆರೆದು ನೋಡಬಹುದು. ಇನ್ನೂ ಬರೆಯುತ್ತಿರುವುದನ್ನು ಪೇಪರ್ ಪಟ್ಟಿಗೆ ಸೇರಿಸಬೇಡಿ.

ಹರಿಹರ ಮೆಕ್ಯಾನಿಕಲ್:

ಸರ್ ಹೇಳಿದ್ದು ಸರಿ, ನನ್ನ ಮಾತು ವಾಪಸ್ ತಗೊಂಡೆ. ನಾನು ಕಂಪನಿ ಕಡೆ ಮಾತ್ರ ಯೋಚಿಸಿದ್ದೆ.

ಎಂಜಿನಿಯರಿಂಗ್‌ನವರಿಗೆ ಇದೇ ಗೊಂದಲ ಪೇಟೆಂಟ್‌ನಲ್ಲಿದೆ. ನಮ್ಮ ದೇಶದಲ್ಲಿ ಪೇಟೆಂಟ್ ಅರ್ಜಿ ಹಾಕಿ 18 ತಿಂಗಳಾದ ಮೇಲೆ ಅದು ಪ್ರಕಟ ಆಗುತ್ತದೆ. ಬೇಗ ಪ್ರಕಟಿಸಿ ಅಂತ ಕೇಳುವ ಫಾರ್ಮ್ 9 ಕೊಟ್ಟರೆ ಇನ್ನೂ ಬೇಗ. ಅರ್ಜಿ ಪ್ರಕಟವಾಯಿತು ಅಂದರೆ ಪೇಟೆಂಟ್ ಸಿಕ್ಕಿತು ಅಂತ ಅಲ್ಲ, ಪರೀಕ್ಷೆ ಆಮೇಲೆ ಇರುತ್ತದೆ. ಆದರೆ "ಪೇಟೆಂಟ್ ಪಬ್ಲಿಷ್ ಆಗಿದೆ" ಅಂತ ದೊಡ್ಡ ಅಕ್ಷರದಲ್ಲಿ ಬರೆಯುವವರು ಜಾಸ್ತಿ. ಅರ್ಜಿ ಹಾಕಿದ್ದು, ಪ್ರಕಟವಾದದ್ದು, ಮಂಜೂರಾದದ್ದು, ಈ ಮೂರರಲ್ಲಿ ಯಾವುದು ಅಂತ ಬರೆದು ಅರ್ಜಿ ಸಂಖ್ಯೆ ಕೊಡಿ.

ಸಾಫ್ಟ್‌ವೇರ್ ಪಟ್ಟಿಯೂ ಹಾಗೇ. "ಆನ್ಸಿಸ್, ಮ್ಯಾಟ್‌ಲ್ಯಾಬ್, ಪೈಥಾನ್" ಅಂತ ಸುಮ್ನೆ ಸಾಲಾಗಿ ಬರೆದರೆ ಏನೂ ತಿಳಿಯುವುದಿಲ್ಲ. ನಾನು ಬದಲಾಯಿಸಿದ್ದು ಹೀಗೆ: "ಮೆಕ್ಕೆಜೋಳ ಒಣಗಿಸುವ ಯಂತ್ರದ ಒಳಗೆ ಬಿಸಿಗಾಳಿ ಹೇಗೆ ಹರಿಯುತ್ತದೆ ಅಂತ ಆನ್ಸಿಸ್‌ನಲ್ಲಿ ಲೆಕ್ಕ ಹಾಕಿದೆ, ಆಮೇಲೆ ಅದೇ ಯಂತ್ರದಲ್ಲಿ 12 ಕಡೆ ತಾಪಮಾನ ಅಳೆಯುವ ಥರ್ಮೋಕಪಲ್ ಇಟ್ಟು ತಾಳೆ ನೋಡಿದೆ." ಈ ಒಂದು ಸಾಲಿನ ಮೇಲೇ ಸಂದರ್ಶನದಲ್ಲಿ ಅರ್ಧ ಗಂಟೆ ಮಾತಾಡಿದರು. ಲೆಕ್ಕ ಎಲ್ಲಿ ತಪ್ಪಿತು ಅಂತ ಕೇಳಿದರು. ಬಾಗಿಲ ಹತ್ತಿರ ತಪ್ಪಿತ್ತು, ಯಾಕೆ ಅಂತ ನನಗೆ ಗೊತ್ತಿತ್ತು.

ಶಿಸ್ಟ್ ಬೆಲ್ಟ್:

ಇದು ಬಹಳ ಮುಖ್ಯ. ಒಬ್ಬ ಹುಡುಗ "ಎಸ್‌ಇಎಂ ಗೊತ್ತು" ಅಂತ ಬರೆದಿದ್ದ, ಅಂದರೆ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ. ಸಂದರ್ಶನದಲ್ಲಿ ಯಾವ ವೋಲ್ಟೇಜ್‌ನಲ್ಲಿ ತೆಗೆದಿರಿ ಅಂತ ಕೇಳಿದೆ. ತಲೆ ತಗ್ಗಿಸಿದ. ಸ್ಯಾಂಪಲ್ ಬೇರೆ ಊರಿಗೆ ಕಳಿಸಿದ್ದ, ಆಪರೇಟರ್ ತೆಗೆದು ಕೊಟ್ಟಿದ್ದರು. ನಮ್ಮ ಕಡೆ ಹೆಚ್ಚಿನ ಲ್ಯಾಬ್‌ಗಳ ಪರಿಸ್ಥಿತಿ ಅದೇ, ಅದರಲ್ಲಿ ನಾಚಿಕೆ ಏನಿಲ್ಲ. ಆದರೆ ಆ ಹುಡುಗ ಕಲ್ಲನ್ನು ತಾನೇ ಕೊಯ್ದು, ಉಜ್ಜಿ, ಥಿನ್ ಸೆಕ್ಷನ್ (ಸೂಕ್ಷ್ಮದರ್ಶಕದಲ್ಲಿ ನೋಡುವ ತೆಳು ಪದರ) ಮಾಡಿದ್ದ. ಕಲ್ಲನ್ನು 30 ಮೈಕ್ರಾನ್‌ಗೆ ಇಳಿಸುವುದು ಕೈ ಪಳಗದೆ ಬರುವುದಿಲ್ಲ. ಅದನ್ನು ಬರೆದೇ ಇರಲಿಲ್ಲ. ಇಲ್ಲದ್ದನ್ನು ಬರೆದು, ಇದ್ದದ್ದನ್ನು ಬಿಟ್ಟಿದ್ದ. "ಸ್ಯಾಂಪಲ್ ತಯಾರಿ, ಚಿತ್ರಗಳ ವಿಶ್ಲೇಷಣೆ ನನ್ನದು, ಉಪಕರಣ ನಡೆಸಿದ್ದು ಆಪರೇಟರ್" ಅಂತ ಬರೆದಿದ್ದರೆ ನಾನು ಎರಡನೇ ಪ್ರಶ್ನೆ ಕೇಳುತ್ತಿರಲಿಲ್ಲ.

ಬೋರ್‌ವೆಲ್ ಕೆಮಿಸ್ಟ್ರಿ ಅವರೇ, ನಿಮ್ಮ ಬಗ್ಗೆಯೂ ನನಗೆ ಅದೇ ಅನುಮಾನ. ನೀರು ಎಲ್ಲಿಂದ ತಂದಿರಿ? ಹೇಗೆ ಅಳೆದಿರಿ? ಸಿವಿಯಲ್ಲಿ ಏನು ಬರೆದಿದ್ದೀರಿ?

ಬೋರ್‌ವೆಲ್ ಕೆಮಿಸ್ಟ್ರಿ:

ಸಿವಿಯಲ್ಲಿ ಇರುವುದು "ಫ್ಲೋರೈಡ್ ಅನಾಲಿಸಿಸ್, ಎಕ್ಸ್‌ಆರ್‌ಡಿ, ಎಫ್‌ಟಿಐಆರ್" ಅಂತ ಅಷ್ಟೇ. ಕೊನೆಯ ಎರಡು ವಸ್ತುವಿನ ರಚನೆ ನೋಡುವ ಪರೀಕ್ಷೆಗಳು.

ನಡೆದದ್ದು ಹೇಳುತ್ತೇನೆ. ಚಳ್ಳಕೆರೆ, ಹಿರಿಯೂರು ತಾಲೂಕಿನ 48 ಬೋರ್‌ವೆಲ್‌ಗಳ ನೀರು, ಮಳೆಗಾಲದ ಮೊದಲು ಒಂದು ಸಲ, ಆಮೇಲೆ ಒಂದು ಸಲ. ಬಸ್ಸು, ಆಟೋ, ಕೆಲವು ಕಡೆ ನಡಿಗೆ. ಪಾಲಿಥಿನ್ ಬಾಟಲಿಯಲ್ಲೇ ತರಬೇಕು, ಗಾಜು ಆಗುವುದಿಲ್ಲ. ಬೆಳಿಗ್ಗೆ ಲ್ಯಾಬಿಗೆ ಹೋದ ಕೂಡಲೇ ಫ್ಲೋರೈಡ್ ಅಳೆಯುವ ಎಲೆಕ್ಟ್ರೋಡನ್ನು ಸಾಂದ್ರತೆ ಗೊತ್ತಿರುವ ದ್ರಾವಣಗಳಲ್ಲಿ ಕ್ಯಾಲಿಬ್ರೇಟ್ ಮಾಡುತ್ತಿದ್ದೆ. ಸಾಂದ್ರತೆ ಹತ್ತು ಪಟ್ಟು ಆದರೆ ಸುಮಾರು 59 ಮಿಲಿವೋಲ್ಟ್ ವ್ಯತ್ಯಾಸ ಬರಬೇಕು, ಅದಕ್ಕೆ ಸ್ಲೋಪ್ ಅನ್ನುತ್ತಾರೆ. ಒಂದು ದಿನ ಅದು 48 ಮಿಲಿವೋಲ್ಟ್‌ಗೆ ಇಳಿದಿತ್ತು. ಹಿಂದಿನ ದಿನದ ರೀಡಿಂಗ್ ಮೇಲೂ ನಂಬಿಕೆ ಹೋಯಿತು. ಎರಡೂ ದಿನದ್ದು ಬಿಟ್ಟು, 11 ಸ್ಯಾಂಪಲ್ ಮತ್ತೆ ಅಳೆದೆ. ನೀರಿನಲ್ಲಿ ಅಲ್ಯೂಮಿನಿಯಂ, ಕಬ್ಬಿಣ ಇದ್ದರೆ ಫ್ಲೋರೈಡನ್ನು ಹಿಡಿದಿಟ್ಟುಕೊಳ್ಳುತ್ತವೆ, ಅದನ್ನು ಬಿಡಿಸುವ ಬಫರ್ ಕೂಡ ನಾನೇ ತಯಾರಿಸುತ್ತಿದ್ದೆ.

ಫ್ಲೋರೈಡ್ ಹೀರುವ ವಸ್ತು ಮಾಡಿದ್ದು ಕಡಲೆಕಾಯಿ ಸಿಪ್ಪೆಯಿಂದ. ಚಳ್ಳಕೆರೆಯ ಎಣ್ಣೆ ಮಿಲ್ಲಿನಲ್ಲಿ ಚೀಲಗಟ್ಟಲೆ ಸಿಗುತ್ತದೆ. ಇದ್ದಿಲು ಮಾಡಿ, ಮೇಲೆ ಅಲ್ಯೂಮಿನಾ ಕೂರಿಸಿದೆ. ಒಂದು ಊರಿನ ನೀರಿನಲ್ಲಿ ಲೀಟರಿಗೆ 3.8 ಮಿಲಿಗ್ರಾಂ ಇತ್ತು, 0.9ಕ್ಕೆ ಇಳಿಯಿತು.

ಆ ಊರಿನಲ್ಲಿ ಒಬ್ಬ ಅಜ್ಜಿ ನಾನು ಬಾಟಲಿ ತುಂಬುವುದನ್ನೇ ನೋಡುತ್ತಾ ನಿಂತಿದ್ದರು. "ಈ ನೀರು ನನ್ನ ಮೊಮ್ಮಗ ಕುಡೀಬೌದಾ?" ಅಂತ ಕೇಳಿದರು. ಆ ಹುಡುಗನ ಹಲ್ಲಿನ ಮೇಲೆ ಕಂದು ಗೆರೆ ಎದ್ದು ಕಾಣುತ್ತಿತ್ತು, ಫ್ಲೋರೈಡ್ ಜಾಸ್ತಿಯಾದರೆ ಹಾಗಾಗುತ್ತದೆ. ಅವತ್ತು ಉತ್ತರ ಹೇಳಲು ಆಗಲಿಲ್ಲ. ಫಲಿತಾಂಶ ಬಂದ ಮೇಲೆ 48 ಕಡೆಯದ್ದೂ ಕನ್ನಡದಲ್ಲಿ ಚೀಟಿ ಬರೆದು ಪಂಚಾಯ್ತಿಗಳಿಗೆ ಕೊಟ್ಟು ಬಂದೆ. ಇದನ್ನೆಲ್ಲ ಸಿವಿಯಲ್ಲಿ ಬರೆಯಬಹುದು ಅಂತ ಯಾವತ್ತೂ ಅನ್ನಿಸಿರಲಿಲ್ಲ. ಇದು ಕೆಲಸ, ಅದು ಸಿವಿ ಅಂದುಕೊಂಡಿದ್ದೆ.

ಹಳೇ ಪಿಬಿ ರೋಡ್:

ಇದನ್ನು ಎರಡು ಸಲ ಓದಿದೆ. ಎಲೆಕ್ಟ್ರೋಡ್ ಕೈಕೊಟ್ಟಿದೆ ಅಂತ ಕಂಡುಹಿಡಿದು, ಎರಡು ದಿನದ ಡೇಟಾ ಬಿಟ್ಟವರನ್ನೇ ನಾವು ಹುಡುಕುತ್ತಿರುತ್ತೇವೆ. ನಿಮ್ಮ ಆರು ಪುಟದಲ್ಲಿ ಅದರ ಸುಳಿವೇ ಇಲ್ಲ.

ಈಗಲೇ ಬರೆದುಬಿಡೋಣ. ಇಂಗ್ಲಿಷಿಗೆ ನೀವು ತಿರುಗಿಸಿಕೊಳ್ಳಿ, ವಿಷಯ ಇಲ್ಲಿ ಕನ್ನಡದಲ್ಲಿ ಹಾಕುತ್ತೇನೆ.

ಮೇಲಿನ ಮೂರು ಸಾಲು: "ಚಿತ್ರದುರ್ಗ ಜಿಲ್ಲೆಯ ಎರಡು ತಾಲೂಕಿನ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಎಷ್ಟಿದೆ, ಅದನ್ನು ಕಡಿಮೆ ಖರ್ಚಿನಲ್ಲಿ ತೆಗೆಯುವುದು ಹೇಗೆ ಅನ್ನುವುದು ನನ್ನ ಸಂಶೋಧನೆ. ಕಡಲೆಕಾಯಿ ಸಿಪ್ಪೆಯ ಇದ್ದಿಲಿಗೆ ಅಲ್ಯೂಮಿನಾ ಕೂರಿಸಿದ ವಸ್ತುವನ್ನು ತಯಾರಿಸಿದೆ. ಊರಿನ ಬೋರ್‌ವೆಲ್ ನೀರಿನಲ್ಲೇ ಪರೀಕ್ಷಿಸಿದಾಗ ಫ್ಲೋರೈಡ್ ಲೀಟರಿಗೆ 3.8ರಿಂದ 0.9 ಮಿಲಿಗ್ರಾಂಗೆ ಇಳಿಯಿತು, ಬಿಐಎಸ್ ಮಿತಿ 1.0."

ಆ ಮಿತಿ ಬರೆಯುವುದನ್ನು ಮರೆಯಬೇಡಿ. ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಕುಡಿಯುವ ನೀರಿಗೆ ಮಾಡಿರುವ ಐಎಸ್ 10500 ಪ್ರಕಾರ ಲೀಟರಿಗೆ 1.0 ಮಿಲಿಗ್ರಾಂ, ಬೇರೆ ನೀರು ಇಲ್ಲದ ಕಡೆ 1.5ರವರೆಗೆ. ವಿಶ್ವ ಆರೋಗ್ಯ ಸಂಸ್ಥೆಯ ಮಿತಿಯೂ 1.5. ಇದು ಪಕ್ಕದಲ್ಲಿದ್ದರೆ ನಿಮ್ಮ 0.9ಕ್ಕೆ ಅರ್ಥ ಬರುತ್ತದೆ.

ಸಂಶೋಧನೆಯ ಕೆಳಗೆ: "48 ಬೋರ್‌ವೆಲ್, ಎರಡು ಋತು, ಸ್ಯಾಂಪಲ್ ಸಂಗ್ರಹದ ಯೋಜನೆ ಮತ್ತು ಓಡಾಟ ನನ್ನದು. ದಿನಾ ಎಲೆಕ್ಟ್ರೋಡ್ ಸ್ಲೋಪ್ ಪರೀಕ್ಷೆ, ಮಿತಿ ತಪ್ಪಿದ ದಿನಗಳ ಸ್ಯಾಂಪಲ್ ಮರು ಅಳತೆ. ಫಲಿತಾಂಶಗಳನ್ನು ಕನ್ನಡದಲ್ಲಿ ಗ್ರಾಮ ಪಂಚಾಯ್ತಿಗಳಿಗೆ ವರದಿ." ಎಕ್ಸ್‌ಆರ್‌ಡಿ ಯಾರು ತೆಗೆದರು ಅನ್ನುವುದನ್ನು ಸರ್ ಹೇಳಿದ ಹಾಗೆ ಬರೆಯಿರಿ.

ಜೋಗಿಮಟ್ಟಿ:

ಭಾಷೆಗಳನ್ನೂ ಹಾಕಿ. ಚಳ್ಳಕೆರೆ ಕಡೆ ತೆಲುಗು ಬೇಕಾಗಿರುತ್ತದೆ ಅಲ್ವಾ? ಫೀಲ್ಡ್ ಕೆಲಸದವರಿಗೆ ಅದು ಕೌಶಲ.

ಎರಡನೇ ಆಥರ್ ಆಗಿರುವ ಪೇಪರ್‌ನ ಕೆಳಗೆ ನಿಮ್ಮ ಪಾಲು ಒಂದು ಸಾಲಿನಲ್ಲಿ ಬರೆಯಿರಿ. ಕ್ರೆಡಿಟ್ ಅಂತ ಒಂದು ಪದ್ಧತಿ ಇದೆ, ಅದರಲ್ಲಿ ಡೇಟಾ ತೆಗೆದದ್ದು, ವಿಶ್ಲೇಷಣೆ, ಬರವಣಿಗೆ ಹೀಗೆ 14 ಪಾತ್ರಗಳಿವೆ. ಎಷ್ಟೋ ಜರ್ನಲ್‌ಗಳು ಪೇಪರ್ ಕೊನೆಯಲ್ಲಿ ಅಚ್ಚು ಹಾಕುತ್ತವೆ. ಅಲ್ಲಿರುವುದಕ್ಕೂ ಸಿವಿಗೂ ತಾಳೆಯಾಗಬೇಕು.

ಬೋರ್‌ವೆಲ್ ಕೆಮಿಸ್ಟ್ರಿ:

ಬರೆಯುತ್ತಾ ಕಣ್ಣು ತುಂಬಿ ಬರುತ್ತಿದೆ. ತೆಲುಗು ಫೀಲ್ಡ್‌ನಲ್ಲೇ ಕಲಿತೆ, ಹಾಕುತ್ತೇನೆ.

ಇನ್ನೊಂದು ವಿಷಯ. ಮೂರನೇ ವರ್ಷದಲ್ಲಿ ಮಗಳು ಹುಟ್ಟಿದಳು. ಎಂಟು ತಿಂಗಳು ಲ್ಯಾಬಿಗೆ ಹೋಗಿಲ್ಲ. ಆ ಖಾಲಿ ಜಾಗ ಕಾಣದ ಹಾಗೆ ತಿಂಗಳು ಬಿಟ್ಟು ಬರೀ ವರ್ಷ ಹಾಕಿದ್ದೇನೆ. ಸರಿಯಾ?

ಜೋಗಿಮಟ್ಟಿ:

ಮುಚ್ಚಿಡಬೇಕಾದದ್ದು ಅದರಲ್ಲಿ ಏನೂ ಇಲ್ಲ. ಯುಜಿಸಿ ನಿಯಮದಲ್ಲೇ ಪಿಎಚ್‌ಡಿ ಮಾಡುವ ಮಹಿಳೆಯರಿಗೆ 240 ದಿನದವರೆಗೆ ಹೆರಿಗೆ, ಶಿಶುಪಾಲನಾ ರಜೆ ಇದೆ. "ಹೆರಿಗೆ ರಜೆ" ಅಂತ ತಿಂಗಳು ಸಮೇತ ಒಂದು ಸಾಲು ಬರೆಯಿರಿ. ಯುರೋಪಿನ ಎಷ್ಟೋ ಫೆಲೋಶಿಪ್‌ಗಳಲ್ಲಿ ಪಿಎಚ್‌ಡಿ ಆಗಿ ಎಷ್ಟು ವರ್ಷದೊಳಗೆ ಅರ್ಜಿ ಹಾಕಬೇಕು ಅಂತ ಲೆಕ್ಕ ಇರುತ್ತದೆ. ಮಕ್ಕಳಿದ್ದವರಿಗೆ ಅಲ್ಲಿ ರಿಯಾಯಿತಿ ಇರುತ್ತದೆ, ಓದಿ ನೋಡಿ. ನಾನೂ ಮಗು ಕಟ್ಟಿಕೊಂಡೇ ಇಲ್ಲಿಗೆ ಬಂದವಳು.

ಅತಿಥಿ ಉಪನ್ಯಾಸಕ, ಹೊಳಲ್ಕೆರೆ:

ನಂದೂ ಒಂದು ಕೇಳುತ್ತೇನೆ. ಚಳ್ಳಕೆರೆ ಹತ್ತಿರದ ಕುದಾಪುರದ ಐಐಎಸ್‌ಸಿ (ಭಾರತೀಯ ವಿಜ್ಞಾನ ಸಂಸ್ಥೆ) ಕ್ಯಾಂಪಸ್ಸಿನಲ್ಲಿ ಶಿಕ್ಷಕರ ತರಬೇತಿಗೆ ಹೋಗಿದ್ದೆ. ಅದನ್ನು ಹಾಕಬಹುದಾ?

ಶಿಸ್ಟ್ ಬೆಲ್ಟ್:

ಹಾಕಿ, ಬೋಧನೆಯ ಕೆಳಗೆ, ಎಷ್ಟು ದಿನ ಅಂತ ಸೇರಿಸಿ. ಅಲ್ಲಿ ಕಲಿತ ಯಾವ ಪ್ರಯೋಗವನ್ನು ನಿಮ್ಮ ತರಗತಿಯಲ್ಲಿ ಮಾಡಿಸಿದಿರಿ ಅನ್ನುವುದನ್ನೂ ಬರೆಯಿರಿ. ಐಐಎಸ್‌ಸಿಯಲ್ಲಿ ಓದಿದಂತೆ ಕಾಣದ ಹಾಗೆ ನೋಡಿಕೊಳ್ಳಿ.

ರೆಫರಿಗಳ, ಅಂದರೆ ನಮ್ಮ ಬಗ್ಗೆ ಶಿಫಾರಸು ಬರೆಯುವವರ ಬಗ್ಗೆ ಯಾರೂ ಹೇಳಲಿಲ್ಲ. ಹೆಸರು ಹಾಕುವ ಮೊದಲು ಅವರನ್ನು ಕೇಳಿ. ಕೇಳದೆ ಹಾಕಿದವರ ಬಗ್ಗೆ ನನಗೆ ಎಷ್ಟೋ ಸಲ ಮೇಲ್ ಬಂದಿದೆ, ಯಾರು ಅಂತ ನೆನಪಾಗದೆ ಎರಡೇ ಸಾಲು ಬರೆದು ಕಳಿಸಿದ್ದೇನೆ. ಅದು ಅವರಿಗೆ ನಷ್ಟ ಮಾಡಿರುತ್ತದೆ. ಒಪ್ಪಿದವರಿಗೆ ಹೊಸ ಸಿವಿ ಕಳಿಸಿ. ಗೈಡ್ ಜೊತೆಗೆ, ನಿಮ್ಮ ಕೆಲಸ ಕಣ್ಣಾರೆ ನೋಡಿದ ಇನ್ನೊಬ್ಬರು ಇರಲಿ.

ಬೋರ್‌ವೆಲ್ ಕೆಮಿಸ್ಟ್ರಿ:

ಹತ್ತು ದಿನ ಆಯಿತು. ಎರಡು ಸಿವಿ ಮಾಡಿದ್ದೇನೆ, ಕಂಪನಿಗೆ ಎರಡು ಪುಟ, ಪೋಸ್ಟ್‌ಡಾಕ್‌ಗೆ ಮೂರು. ಗೈಡ್ ಓದಿ "48 ಬೋರ್‌ವೆಲ್ ಅಂತ ನನಗೇ ಮರೆತುಹೋಗಿತ್ತು" ಅಂದರು. ಹೆಸರು, ಮಾಹಿತಿ ಮುಚ್ಚಿ ಮೊದಲ ಪುಟದ ಚಿತ್ರ ಹಾಕಿದ್ದೇನೆ. ನಾಳೆ ಬೆಳಿಗ್ಗೆ ಒಂದು ಪೋಸ್ಟ್‌ಡಾಕ್‌ಗೆ ಕಳಿಸಬೇಕು. ಆ ಲ್ಯಾಬಿನ ಎರಡು ಪೇಪರ್ ಓದಿಕೊಂಡು ಮೇಲ್ ಬೇರೆಯಾಗಿ ಬರೆದಿದ್ದೇನೆ. ಇನ್ನೇನಾದರೂ ಇದೆಯಾ?

ಹಳೇ ಪಿಬಿ ರೋಡ್:

ನೋಡಿದೆ, ಚೆನ್ನಾಗಿದೆ. ಮೂರು ಸಣ್ಣ ವಿಷಯ. ವರ್ಡ್ ಫೈಲ್ ಕಳಿಸಬೇಡಿ, ಅವರ ಕಂಪ್ಯೂಟರ್‌ನಲ್ಲಿ ಸಾಲುಗಳು ಜಾರುತ್ತವೆ, ಪಿಡಿಎಫ್ ಮಾಡಿ. ಫೈಲ್ ಹೆಸರು "ಸಿವಿ ಫೈನಲ್ 7" ಅಂತ ಇದೆ, ನಿಮ್ಮ ಹೆಸರು ಹಾಕಿ. ಫೋನ್ ನಂಬರ್ ಮುಂದೆ ದೇಶದ ಕೋಡ್ 91 ಬಿಟ್ಟುಹೋಗಿದೆ, ಸೇರಿಸಿ ಕಳಿಸಿ.